ಕೈ ನಡುಗಲಿ, ಪರವಾಗಿಲ್ಲ

ನಮ್ಮ ಸಾಫ್ಟ್‌ವೇರ್ ಕಂಪನಿಯಲ್ಲಿ ಇಂಟರ್‌ವ್ಯೂ ಮುಗಿದ ಮೇಲೆ ಪ್ಯಾನೆಲ್‌ನವರೆಲ್ಲ ಅರ್ಧ ಗಂಟೆ ಸೇರುತ್ತೇವೆ. ಅದಕ್ಕೆ ಡೀಬ್ರೀಫ್ ಅಂತ ಹೆಸರು. ಒಬ್ಬೊಬ್ಬರೂ ತಮ್ಮ ರೌಂಡಿನಲ್ಲಿ ಏನಾಯಿತು ಅಂತ ಹೇಳಬೇಕು, ಹೈರ್ ಅಥವಾ ನೋ ಹೈರ್ ಅನ್ನಬೇಕು, ಕಾರಣ ಕೊಡಬೇಕು. ಆ ಕಾರಣಗಳಲ್ಲಿ ಒಂದು ಪದೇ ಪದೇ ಬರುತ್ತದೆ. "ಸ್ವಲ್ಪ ನರ್ವಸ್ ಆಗಿದ್ರು." ಇನ್ನೊಬ್ಬರ ಬಾಯಲ್ಲಿ ಅದೇ "ಕಾನ್ಫಿಡೆನ್ಸ್ ಕಡಿಮೆ" ಆಗುತ್ತದೆ, ಮತ್ತೊಬ್ಬರ ಬಾಯಲ್ಲಿ "ಕಮ್ಯುನಿಕೇಶನ್ ಅಷ್ಟಕ್ಕಷ್ಟೇ". ಇದನ್ನು ಯಾರೂ ಕೆದಕುವುದಿಲ್ಲ. ತಲೆಯಾಡಿಸಿ ಮುಂದಿನ ಹೆಸರಿಗೆ ಹೋಗುತ್ತೇವೆ.

ಈಚೆಗೆ ಈ ಮಾತು ಕೇಳಿದಾಗೆಲ್ಲ ನನಗೆ ಕಿರಿಕಿರಿಯಾಗುತ್ತದೆ. ನಮ್ಮ ಟೀಮಿನಲ್ಲಿ ಕಣ್ಣು ಮುಚ್ಚಿ ನಂಬಬಹುದಾದ ಡೆವಲಪರ್ ಯಾರು ಅಂತ ಕೇಳಿದರೆ ಎಲ್ಲರೂ ಒಬ್ಬನ ಕಡೆಗೇ ಕೈ ತೋರಿಸುತ್ತಾರೆ. ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ (ಗ್ರಾಹಕರು ಬಳಸುವ ಸಿಸ್ಟಮ್) ಬಿದ್ದರೆ ಅವನಿಗೇ ಫೋನು. ಎದ್ದು ಕೂತು, ಲಾಗ್ ತೆಗೆದು, ಯಾವ ಡಿಪ್ಲಾಯ್‌ಮೆಂಟಿನಿಂದ (ಹೊಸದಾಗಿ ಹಾಕಿದ ಕೋಡಿನಿಂದ) ಕೆಟ್ಟಿತು ಅಂತ ಹುಡುಕಿ, ರೋಲ್‌ಬ್ಯಾಕ್ ಮಾಡಿ ಹಳೇ ಕೋಡಿಗೇ ತಂದು, ಗ್ರೂಪಿನಲ್ಲಿ ಎರಡು ಸಾಲು ಬರೆದು ಮತ್ತೆ ಮಲಗುತ್ತಾನೆ. ಅದೇ ಮನುಷ್ಯನಿಗೆ ಹತ್ತು ಜನರ ಮುಂದೆ ಡೆಮೋ ಕೊಡು ಅನ್ನಿ. ಮೌಸ್ ಹಿಡಿದ ಕೈ ನಡುಗುತ್ತದೆ, ತನ್ನದೇ ಪಾಸ್‌ವರ್ಡ್ ಮರೆತುಹೋಗುತ್ತದೆ. ಅವನೂ ಒಂದು ದಿನ ನಮ್ಮ ಪ್ಯಾನೆಲ್ ಮುಂದೆ ಕೂತು ಬಂದವನೇ. ಅವತ್ತು ಯಾರೋ ಪುಣ್ಯಾತ್ಮರು ಆ ನಡುಕವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹಾಗಾಗಿ ನಮಗೆ ಸಿಕ್ಕ.

ಹಾಗಂತ ಇಂಟರ್‌ವ್ಯೂನಲ್ಲಿ ಹೇಗಿದ್ದರೂ ನಡೆಯುತ್ತದೆ ಅಂತ ಹೇಳಲಾರೆ. ಟೇಬಲ್ಲಿನ ಎರಡೂ ಕಡೆ ಸಾಕಷ್ಟು ಸಲ ಕೂತಿದ್ದೇನೆ. ಸಮಾಧಾನವಾಗಿ ಕಾಣುವವರು ಒಳಗೂ ಸಮಾಧಾನವಾಗಿರುತ್ತಾರೆ ಅನ್ನುವುದನ್ನು ಮಾತ್ರ ನಂಬುವುದಿಲ್ಲ. ನಾನು ನೋಡಿದ ಹಾಗೆ ಅವರು ಕೆಲವು ಮಾತುಗಳನ್ನು ಮೊದಲೇ ಬಾಯಿಗೆ ಕೂರಿಸಿಕೊಂಡು ಬಂದಿರುತ್ತಾರೆ. ಸಿಕ್ಕಿಹಾಕಿಕೊಂಡರೆ ಏನು ಹೇಳಬೇಕು, ಗೊತ್ತಿಲ್ಲದಿದ್ದರೆ ಏನು, ಎದುರಿಗಿದ್ದವರು ಎಗರಾಡಿದರೆ ಏನು. ಪ್ರಶ್ನೆಗೆ ಉತ್ತರ ಎಲ್ಲರೂ ತಯಾರು ಮಾಡಿಕೊಳ್ಳುತ್ತಾರೆ. ಉತ್ತರ ಹೊಳೆಯದ ಆ ಒಂದು ನಿಮಿಷಕ್ಕೆ ಏನು ಮಾತು ಅಂತ ತಯಾರಾಗುವವರು ಕಡಿಮೆ. ತಯಾರಾದವರಿಗೂ ಎದೆ ಢವಢವ ಅಂತಲೇ ಇರುತ್ತದೆ. ಅದು ಅದರ ಪಾಡಿಗೆ.

ಒತ್ತಡ ಹುಟ್ಟಿಸುವ ಯಂತ್ರ

1993ರಲ್ಲಿ ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ಕ್ಲೆಮೆನ್ಸ್ ಕಿರ್ಶ್‌ಬಾಮ್ ಮತ್ತು ಅವರ ಜೊತೆಗಾರರು ಒಂದು ಪ್ರಯೋಗದ ವಿಧಾನವನ್ನು ಪ್ರಕಟಿಸಿದರು. ಅವರಿಗೆ ಬೇಕಿದ್ದದ್ದು ಇಷ್ಟೇ: ಲ್ಯಾಬಿನೊಳಗೆ ಆರೋಗ್ಯವಂತ ಮನುಷ್ಯನಿಗೆ ನಿಜವಾದ ಮಾನಸಿಕ ಒತ್ತಡ ಬರಿಸಬೇಕು, ಯಾವಾಗ ಬೇಕಾದರೂ ಬರಿಸುವಂತಿರಬೇಕು. ಅದಕ್ಕೆ ಅವರು ಆರಿಸಿಕೊಂಡದ್ದು ಏನು ಗೊತ್ತಾ? ಕೆಲಸದ ಇಂಟರ್‌ವ್ಯೂ. ನೀವು ಒಂದು ಕೆಲಸಕ್ಕೆ ಅರ್ಜಿ ಹಾಕಿದ್ದೀರಿ ಅಂದುಕೊಳ್ಳಿ, ಈ ಪ್ಯಾನೆಲ್ ಮುಂದೆ ನಿಂತು ನೀವೇ ಯಾಕೆ ತಕ್ಕವರು ಅಂತ ಐದು ನಿಮಿಷ ಮಾತಾಡಿ ಅನ್ನುತ್ತಾರೆ. ಪ್ಯಾನೆಲ್‌ನವರು ನಗಬಾರದು, ತಲೆಯಾಡಿಸಬಾರದು. ಕ್ಯಾಮೆರಾ ಓಡುತ್ತಿರುತ್ತದೆ. ಅದು ಮುಗಿದ ಕೂಡಲೇ 1022ರಿಂದ 13 ಕಳೆಯುತ್ತಾ ಹೋಗಿ ಅನ್ನುತ್ತಾರೆ. 1009, 996, 983... ತಪ್ಪಿದರೆ ಮತ್ತೆ 1022ರಿಂದ ಶುರು. ಇಷ್ಟಕ್ಕೆ ಹೆಚ್ಚಿನವರ ಲಾಲಾರಸದಲ್ಲಿ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನು ಎರಡು ಪಟ್ಟು, ಅದಕ್ಕೂ ಜಾಸ್ತಿ ಏರುತ್ತದೆ. ಈಗಲೂ ಪ್ರಪಂಚದ ಎಷ್ಟೋ ಲ್ಯಾಬುಗಳಲ್ಲಿ ಒತ್ತಡ ಬೇಕೆಂದರೆ ಇದನ್ನೇ ಬಳಸುತ್ತಾರೆ.

ನಮ್ಮ ಟೆಕ್ನಿಕಲ್ ರೌಂಡನ್ನು ಇದರ ಪಕ್ಕ ಇಟ್ಟು ನೋಡಿ. ಮುಖದ ಮೇಲೆ ಭಾವವೇ ಇಲ್ಲದ ಇಬ್ಬರು. ಗಡಿಯಾರ. ಬಾಯಿಬಿಟ್ಟು ಯೋಚಿಸಿ ಅನ್ನುವ ಷರತ್ತು. ಕೋಡನ್ನು ಪರೀಕ್ಷಿಸುವ ಒಂದು ಟೆಸ್ಟ್ ಕೇಸ್ ಫೇಲ್ ಆದರೆ ಮೊದಲಿನಿಂದ. ಒತ್ತಡ ಹುಟ್ಟಿಸಲೆಂದೇ ಕಟ್ಟಿದ ಯಂತ್ರ ಇದು. ಅದರೊಳಗೆ ಕೂರಿಸಿ "ನರ್ವಸ್ ಆಗಿದ್ರು" ಅಂತ ಬರೆದುಕೊಳ್ಳುತ್ತಿದ್ದೇವೆ.

ಇದನ್ನು ಸಾಫ್ಟ್‌ವೇರ್ ಇಂಟರ್‌ವ್ಯೂಗೇ ಒಡ್ಡಿ ನೋಡಿದವರೂ ಇದ್ದಾರೆ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಂಪ್ಯೂಟರ್ ಸೈನ್ಸ್ ಓದುತ್ತಿದ್ದ 48 ವಿದ್ಯಾರ್ಥಿಗಳು. ಕೆಲವರು ಇಂಟರ್‌ವ್ಯೂ ಮಾಡುವವರ ಎದುರು, ಬಾಯಿಬಿಟ್ಟು ಹೇಳುತ್ತಾ ವೈಟ್‌ಬೋರ್ಡ್ ಮೇಲೆ ಬಿಡಿಸಬೇಕು. ಉಳಿದವರು ಅದೇ ಥರದ ಪ್ರಶ್ನೆಯನ್ನು ಬಾಗಿಲು ಹಾಕಿದ ರೂಮಿನಲ್ಲಿ ಒಬ್ಬರೇ ಬಿಡಿಸಬೇಕು. ಯಾರೋ ನೋಡುತ್ತಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ಸಾಮರ್ಥ್ಯ ಅರ್ಧಕ್ಕಿಂತ ಕೆಳಗಿಳಿಯಿತು. ಇಂಟರ್‌ವ್ಯೂ ಮಾಡುವವರೆದುರು ಬರೆದ ಗುಂಪಿನಲ್ಲಿ ಒಬ್ಬ ಹೆಣ್ಣುಮಗಳೂ ಪಾಸಾಗಲಿಲ್ಲ. ಒಬ್ಬರೇ ಕೂತು ಬರೆದ ಗುಂಪಿನಲ್ಲಿ ಹೆಣ್ಣುಮಕ್ಕಳೆಲ್ಲ ಪಾಸು. ಸಣ್ಣ ಅಧ್ಯಯನ, ನಿಜ. ಇದರ ಮೇಲೆ ದೊಡ್ಡ ತೀರ್ಮಾನ ಕಟ್ಟುವುದು ಬೇಡ. ಆದರೂ ಕಾರು ಕಲಿಯುವಾಗ ಪಕ್ಕದ ಸೀಟಿನಲ್ಲಿ ಅಪ್ಪ ಕೂತಿದ್ದರೆ ಗೇರ್ ಯಾಕೆ ಬೀಳುವುದಿಲ್ಲ ಅಂತ ಗೊತ್ತಿರುವ ಯಾರಿಗೂ ಇದು ಆಶ್ಚರ್ಯ ಅನಿಸುವುದಿಲ್ಲ.

ಇದೇ ಸಿಟ್ಟು 2015ರಲ್ಲಿ ಒಂದು ಟ್ವೀಟ್ ಆಗಿ ಸ್ಫೋಟವಾಗಿದ್ದು ನಿಮಗೂ ನೆನಪಿರಬಹುದು. ಮ್ಯಾಕ್ ಬಳಸುವ ಡೆವಲಪರ್‌ಗಳಿಗೆಲ್ಲ ಗೊತ್ತಿರುವ ಹೋಮ್‌ಬ್ರೂ (ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವ ಉಪಕರಣ) ಬರೆದ ಮ್ಯಾಕ್ಸ್ ಹಾವೆಲ್, ಬೋರ್ಡ್ ಮೇಲೆ ಬೈನರಿ ಟ್ರೀ ಅನ್ನುವ ಡೇಟಾ ರಚನೆಯನ್ನು ತಿರುಗಿಸಿ ಬರೆಯಲಿಲ್ಲ ಅಂತ ಗೂಗಲ್ ತನ್ನನ್ನು ಬೇಡ ಅಂದಿತು ಎಂದು ಬೈದು ಬರೆದಿದ್ದರು. ಅರ್ಧ ಇಂಟರ್ನೆಟ್ ಅವರ ಪರ ನಿಂತಿತು. ಆಮೇಲೆ ಅವರೇ ಆ ಟ್ವೀಟ್ ಅಷ್ಟು ನ್ಯಾಯವಾಗಿರಲಿಲ್ಲ ಅಂತಲೂ ಬರೆದುಕೊಂಡರು. ನನಗೆ ಅನಿಸುವುದು ಬೇರೆ. ಹೋಮ್‌ಬ್ರೂ ಬರೆದವರಿಗೆ ಸಿಟ್ಟು ಮಾಡಿಕೊಳ್ಳುವ ಅವಕಾಶ ಇದೆ. ಹಾಸನದ ಯಾವುದೋ ಕಾಲೇಜಿನಲ್ಲಿ ಬಿಇ ಮುಗಿಸಿ, ಪಿಜಿಯಲ್ಲಿ ನಾಲ್ಕು ಜನರ ಜೊತೆ ರೂಮು ಹಂಚಿಕೊಂಡು, ಮೊದಲ ಕೆಲಸ ಹುಡುಕುವವನಿಗೆ ಆ ಅವಕಾಶ ಎಲ್ಲಿದೆ? ಅವನು ಸಮಾಧಾನದಿಂದ ಇರಲೇಬೇಕು.

ಎದುರಿನವರೇ ತಪ್ಪು ಹೇಳಿದಾಗ

ಕೆಲವು ವರ್ಷದ ಹಿಂದೆ ಬೆಳ್ಳಂದೂರು ಕಡೆಯ ಒಂದು ಕಂಪನಿಗೆ ಹೋಗಿದ್ದೆ. ಹೆಸರು ಬೇಡ. ಔಟರ್ ರಿಂಗ್ ರೋಡಿನಲ್ಲಿ ಬೆಳಿಗ್ಗೆ ಹತ್ತಕ್ಕೆ ಇಂಟರ್‌ವ್ಯೂ ಅಂದರೆ ಎಷ್ಟು ಹೊತ್ತಿಗೆ ಮನೆ ಬಿಡಬೇಕು ಅಂತ ನಿಮಗೆ ಹೇಳಬೇಕಾಗಿಲ್ಲ. ಗೇಟಿನಲ್ಲಿ ಲ್ಯಾಪ್‌ಟಾಪಿನ ಸೀರಿಯಲ್ ನಂಬರನ್ನು ರಿಜಿಸ್ಟರಿನಲ್ಲಿ ಬರೆದು, ಫೋನಿನ ಕ್ಯಾಮೆರಾಗೆ ಸ್ಟಿಕ್ಕರ್ ಅಂಟಿಸಿಕೊಂಡು, ವಿಸಿಟರ್ ಟ್ಯಾಗ್ ನೇತುಹಾಕಿಕೊಂಡು ರಿಸೆಪ್ಶನ್ ಸೋಫಾದಲ್ಲಿ ಕೂತೆ. ಎಚ್‌ಆರ್‌ನವರು ಆಗಾಗ ಬಂದು "ಇನ್ನು ಹತ್ತೇ ನಿಮಿಷ ಸರ್" ಅಂತ ಹೇಳಿ ಹೋಗುತ್ತಿದ್ದರು. ಹನ್ನೊಂದೂವರೆ ಆಯಿತು.

ಬಂದವರು ನನ್ನ ಮುಖ ನೋಡಲಿಲ್ಲ. ಲ್ಯಾಪ್‌ಟಾಪ್ ತೆರೆದು ಏನೋ ಟೈಪ್ ಮಾಡುತ್ತಲೇ ಮಾತು ಶುರು ಮಾಡಿದರು. "ಕಾಫ್ಕಾ ಅಂತ ಬರೆದಿದೀರಲ್ಲ, ನೀವೇ ಮಾಡಿದ್ದಾ, ಇಲ್ಲಾ ಟೀಮಲ್ಲಿ ಯಾರೋ ಮಾಡಿದ್ದಾ?" (ಮಾತೆಲ್ಲ ಇಂಗ್ಲಿಷಿನಲ್ಲೇ ನಡೆದದ್ದು. ದನಿ ಹೀಗೇ ಇತ್ತು.) ನಾನೇ ಮಾಡಿದ್ದು ಅಂದೆ. (ಕಾಫ್ಕಾ ಅಂದರೆ ಒಂದು ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ಮೆಸೇಜು ಸಾಗಿಸುವ ಸಾಫ್ಟ್‌ವೇರ್. ಅದರಲ್ಲಿ ಮೆಸೇಜುಗಳ ಒಂದು ಗುಂಪಿಗೆ ಟಾಪಿಕ್ ಅನ್ನುತ್ತಾರೆ, ಟಾಪಿಕ್ಕನ್ನು ಹಂಚಿದ ಒಂದೊಂದು ಸಾಲು ಪಾರ್ಟಿಷನ್.) ಒಂದು ಪ್ರಶ್ನೆ ಕೊಟ್ಟರು. ಗ್ರಾಹಕ ಆರ್ಡರ್ ಹಾಕುತ್ತಾನೆ, ಎರಡು ಸೆಕೆಂಡಿಗೆ ಕ್ಯಾನ್ಸಲ್ ಮಾಡುತ್ತಾನೆ. ಎರಡೂ ಮೆಸೇಜು ಹೋದ ಕ್ರಮದಲ್ಲೇ ಪ್ರೊಸೆಸ್ ಆಗಬೇಕು. ಹೇಗೆ? ಆರ್ಡರ್ ಐಡಿಯನ್ನೇ ಕೀ (ಗುರುತು) ಮಾಡಿ ಕಳಿಸುತ್ತೇನೆ, ಆಗ ಎರಡೂ ಒಂದೇ ಪಾರ್ಟಿಷನ್‌ಗೆ ಹೋಗುತ್ತವೆ ಅಂದೆ. ಮೊದಲ ಸಲ ತಲೆ ಎತ್ತಿದರು. "ಅದೆಲ್ಲ ಯಾಕೆ? ಕಾಫ್ಕಾ ಟಾಪಿಕ್ಕಲ್ಲಿ ಮೆಸೇಜಿನ ಕ್ರಮ ಗ್ಯಾರಂಟಿ ಇರತ್ತೆ. ಬೇಸಿಕ್ಕೇ ಗೊತ್ತಿಲ್ವಲ್ಲ."

ಕಾಫ್ಕಾ ಬಳಸಿದವರಿಗೆ ಗೊತ್ತು, ಕ್ರಮದ ಗ್ಯಾರಂಟಿ ಇರುವುದು ಒಂದು ಪಾರ್ಟಿಷನ್‌ನ ಒಳಗೆ ಮಾತ್ರ. ಇಡೀ ಟಾಪಿಕ್ಕಿಗೆ ಇಲ್ಲ. ಅವರು ಹೇಳಿದ್ದು ತಪ್ಪು. ಕಿವಿ ಬಿಸಿಯಾಯಿತು. ಒಂದೂವರೆ ಗಂಟೆ ಕಾಯಿಸಿದ್ದು, ಮುಖ ನೋಡದೆ ಮಾತಾಡಿದ್ದು, ಎಲ್ಲ ಒಟ್ಟಿಗೆ ಗಂಟಲಿಗೆ ಬಂತು. ನಾವು ತಪ್ಪಿದ್ದಾಗ ದನಿ ತಗ್ಗುತ್ತದೆ. ಸರಿ ಇದ್ದಾಗಲೇ ಏರುವುದು.

ಬಾಯಿಂದ ಬಂದದ್ದು ಇಷ್ಟು: "ಟಾಪಿಕ್‌ಗೆ ಒಂದೇ ಪಾರ್ಟಿಷನ್ ಇದ್ದರೆ ನೀವು ಹೇಳಿದ್ದು ಸರಿ. ಮೂರಿದ್ದಾಗ ಏನಾಗತ್ತೆ, ಬೋರ್ಡ್ ಮೇಲೆ ಹಾಕಿ ತೋರಿಸಲಾ?" ಎದ್ದು ಹೋಗಿ ನೋಡಿದರೆ ಮಾರ್ಕರ್ ಒಣಗಿತ್ತು. ಪಕ್ಕದ್ದೂ ಒಣಗಿತ್ತು. ವಾಪಸ್ ಬಂದು ನನ್ನ ರೆಸ್ಯೂಮೆಯ ಪ್ರಿಂಟೌಟ್ ತಿರುವಿ, ಹಿಂದೆ ಮೂರು ಉದ್ದನೆಯ ಡಬ್ಬಿ ಬರೆದೆ. ಮೊದಲ ಡಬ್ಬಿಯಲ್ಲಿ "ಆರ್ಡರ್", ಮೂರನೆಯದರಲ್ಲಿ "ಕ್ಯಾನ್ಸಲ್". ಮೊದಲನೆಯದನ್ನು ಓದುವ ಪ್ರೋಗ್ರಾಮ್, ಅಂದರೆ ಕನ್ಸ್ಯೂಮರ್, ಹಿಂದೆ ಬಿದ್ದಿದ್ದಾನೆ, ಅವನ ಮುಂದೆ ಹಳೇ ಮೆಸೇಜುಗಳ ಸಾಲಿದೆ. ಮೂರನೆಯವನು ಖಾಲಿ ಕೂತಿದ್ದಾನೆ. ಕ್ಯಾನ್ಸಲ್ ಮೊದಲು ಹೋಯಿತು. ಇಲ್ಲದ ಆರ್ಡರನ್ನು ಕ್ಯಾನ್ಸಲ್ ಮಾಡಿ ಅಂತ ಸಿಸ್ಟಮ್ಮಿಗೆ ಬಂತು. ಅವರು ಕಾಗದ ಎಳೆದುಕೊಂಡು ನೋಡಿದರು. "ಹಾಂ, ಇರಬಹುದು. ಮುಂದಕ್ಕೆ ಹೋಗೋಣ" ಅಂದರು.

ನಾನು ಆಡಿದ ಮಾತು ಆ ಕ್ಷಣಕ್ಕೆ ಹೊಳೆದದ್ದಲ್ಲ. ಅದು ಕೋಡ್ ರಿವ್ಯೂನ, ಅಂದರೆ ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ನೋಡುವಾಗಿನ, ಮಾತು. ರಿವ್ಯೂನಲ್ಲಿ "ಇದು ತಪ್ಪು" ಅಂತ ಬರೆದರೆ ಸಂಜೆವರೆಗೆ ಜಗಳ. "ಲಿಸ್ಟ್ ಖಾಲಿ ಇದ್ದರೆ ಈ ಸಾಲಿನಲ್ಲಿ ಏನಾಗತ್ತೆ?" ಅಂತ ಕೇಳಿದರೆ ಬರೆದವರೇ ನೋಡಿ ತಿದ್ದುತ್ತಾರೆ. ಎದುರಿನವರ ಮಾತು ಯಾವ ಪರಿಸ್ಥಿತಿಯಲ್ಲಿ ಸರಿ ಅಂತ ಮೊದಲು ಹೇಳಿಬಿಡುವುದು, ಆಮೇಲೆ ಅದು ಮುರಿಯುವ ಜಾಗ ತೋರಿಸುವುದು. ಅವರಿಗೆ ಹಿಂದೆ ಸರಿಯಲು ಒಂದು ದಾರಿ ಉಳಿಯುತ್ತದೆ. ವರ್ಷಗಟ್ಟಲೆ ದಿನಾ ಮಾಡುವ ಈ ಕೆಲಸವನ್ನೇ ಇಂಟರ್‌ವ್ಯೂ ರೂಮಿಗೂ ಒಯ್ದರೆ ಸಾಕು, ಹೊಸದಾಗಿ ವ್ಯಕ್ತಿತ್ವ ವಿಕಸನದ ಕೋರ್ಸು ಬೇಕಾಗಿಲ್ಲ. ಫ್ರೆಶರ್‌ಗಳಿಗೆ ಈ ಅಭ್ಯಾಸ ಇರುವುದಿಲ್ಲ. ಅವರ ಕಷ್ಟ ಜಾಸ್ತಿ ಅನ್ನುವುದನ್ನು ನಾವು ಪ್ಯಾನೆಲ್‌ನವರು ಮರೆಯುತ್ತೇವೆ.

ಕೆಲಸ ಸಿಗಲಿಲ್ಲ. ಬೇರೆ ಅಭ್ಯರ್ಥಿಗಳ ಜೊತೆ ಮುಂದುವರಿಯುತ್ತಿದ್ದೇವೆ ಅನ್ನುವ ಮಾಮೂಲಿ ಮೇಲ್ ಬಂತು.

ಸಮಾಧಾನ ಅಂದರೆ ಎಲ್ಲವನ್ನೂ ನುಂಗಿಕೊಳ್ಳುವುದು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ತಾಂತ್ರಿಕ ವಿಷಯಕ್ಕೆ ಜೋರಾಗಿ ವಾದ ಮಾಡುವವರು ಒಂದು ಥರ. ಕಾಲೇಜಿನ ಹೆಸರು ಕೇಳಿ "ಇದು ಯಾವ ಊರಲ್ಲಿದೆ?" ಅಂತ ಮುಸಿಮುಸಿ ನಗುವವರು ಇನ್ನೊಂದು ಥರ. ನನ್ನ ಗೆಳೆಯನೊಬ್ಬ ಇಂಥ ಕಡೆ ಮಧ್ಯದಲ್ಲೇ ನಿಲ್ಲಿಸಿ ಬಂದ. "ನಿಮ್ಮ ಸಮಯಕ್ಕೆ ಥ್ಯಾಂಕ್ಸ್. ಈ ರೋಲ್ ನನಗೆ ಹೊಂದೋದಿಲ್ಲ ಅನಿಸ್ತಿದೆ, ಇಲ್ಲಿಗೆ ಮುಗಿಸೋಣ" ಅಂದನಂತೆ. ಮನೆಗೆ ಬಂದು ಎಚ್‌ಆರ್‌ಗೆ ನಾಲ್ಕು ಸಾಲಿನ ಮೇಲ್ ಹಾಕಿದ. ಏನು ಕೇಳಿದರು, ತಾನು ಏನು ಹೇಳಿದೆ, ಅಷ್ಟೇ. ಒಂದು ಬೈಗುಳ ಇಲ್ಲ, ಒಂದು ಆಶ್ಚರ್ಯಸೂಚಕ ಚಿಹ್ನೆ ಇಲ್ಲ. ನಾನು ಕಂಡ ಅತ್ಯಂತ ಪ್ರೊಫೆಶನಲ್ ನಡವಳಿಕೆ ಅದು. ಮನೆ ಸಾಲದ ಇಎಂಐ ತಲೆ ಮೇಲೆ ಕೂತಿರುವಾಗ ಹೀಗೆ ಎದ್ದು ಬರುವುದು ಎಲ್ಲರಿಗೂ ಆಗುವುದಿಲ್ಲ, ಅದೂ ನಿಜ.

ಎರಡು ಎಲಿಮೆಂಟಿನ ಅರೇ

ಇನ್ನೊಂದು ನೆನಪು ಟೇಬಲ್ಲಿನ ಈ ಕಡೆಯದು. ವಿಡಿಯೋ ಕಾಲ್. ಕ್ಯಾಂಡಿಡೇಟ್ ಹುಬ್ಬಳ್ಳಿ ಕಡೆಯ ಹುಡುಗಿ. ಎರಡು ವರ್ಷದ ಅನುಭವ. ನನ್ನ ಜೊತೆ ಶ್ಯಾಡೋ ಮಾಡಲು (ಕೂತು ನೋಡಿ ಕಲಿಯಲು) ಒಬ್ಬ ಸಹೋದ್ಯೋಗಿ, ಅವರಿಗೆ ಕನ್ನಡ ಬಾರದು. ಪ್ರಶ್ನೆ ಸರಳ: ಕ್ರಮವಾಗಿ ಜೋಡಿಸಿದ ಅರೇಯಲ್ಲಿ (ಪಟ್ಟಿಯಲ್ಲಿ) ಒಂದು ಸಂಖ್ಯೆ ಮೊದಲ ಸಲ ಎಲ್ಲಿ ಬರುತ್ತದೆ ಅಂತ ಬೈನರಿ ಸರ್ಚ್‌ನಿಂದ, ಅಂದರೆ ಪಟ್ಟಿಯನ್ನು ಅರ್ಧರ್ಧ ಮಾಡುತ್ತಾ ಹೋಗಿ, ಹುಡುಕಬೇಕು.

ಸರಳ ಅಂತ ಅಂದೆ. ನಿಜಕ್ಕೂ ಅಲ್ಲ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ದಾಖಲಿಸಿರುವಂತೆ ಬೈನರಿ ಸರ್ಚ್ ಮೊದಲು ಪ್ರಕಟವಾದದ್ದು 1946ರಲ್ಲಿ. ಎಲ್ಲ ಗಾತ್ರದ ಪಟ್ಟಿಗೂ ಸರಿಯಾಗಿ ನಡೆಯುವ ರೂಪ ಅಚ್ಚಾಗುವ ಹೊತ್ತಿಗೆ 1960ರ ಆಸುಪಾಸು ಆಗಿತ್ತು. ಅಲ್ಲಿಗೂ ಮುಗಿಯಲಿಲ್ಲ. 2006ರಲ್ಲಿ ಜೋಶುವಾ ಬ್ಲಾಕ್, ತಾನೇ ಜಾವಾ ಭಾಷೆಯ ಲೈಬ್ರರಿಗೆ ಬರೆದಿದ್ದ ಬೈನರಿ ಸರ್ಚ್‌ನಲ್ಲಿ ಸುಮಾರು ಒಂಬತ್ತು ವರ್ಷದಿಂದ ಬಗ್ ಇತ್ತು ಅಂತ ಬರೆದರು. ಅರೇಯಲ್ಲಿ ಸುಮಾರು 107 ಕೋಟಿಗಿಂತ ಜಾಸ್ತಿ ಎಲಿಮೆಂಟ್ ಇದ್ದರೆ ನಡುವಿನ ಜಾಗ (ಮಿಡ್) ಹುಡುಕಲು ಎರಡು ತುದಿಗಳಾದ ಲೋ ಮತ್ತು ಹೈ ಕೂಡಿಸುವಾಗ ಇಂಟಿಜರ್ ತುಂಬಿ ಚೆಲ್ಲಿ ಮೈನಸ್‌ಗೆ ಹೋಗುತ್ತಿತ್ತು. ಇಂಥ ಪ್ರಶ್ನೆಯನ್ನು ನಾವು "ವಾರ್ಮಪ್" ಅಂತ ಕರೆದು ಹದಿನೈದು ನಿಮಿಷ ಕೊಡುತ್ತೇವೆ.

ಆಕೆ ಬರೆದರು. ರನ್ ಮಾಡಿದರೆ ಎರಡು ಟೆಸ್ಟ್ ಪಾಸು, ಮೂರನೆಯದಕ್ಕೆ ಸ್ಕ್ರೀನ್ ಸುಮ್ಮನೆ ಸುತ್ತತೊಡಗಿತು. ಇನ್ಫಿನಿಟ್ ಲೂಪ್, ಕೊನೆಯೇ ಇಲ್ಲದ ಸುತ್ತು. ಇಲ್ಲಿ ಹೆಚ್ಚಿನವರು ಮಾಡುವುದು ಗೊತ್ತಲ್ಲ, ಅಲ್ಲೊಂದು ಪ್ಲಸ್ ಒನ್, ಇಲ್ಲೊಂದು ಮೈನಸ್ ಒನ್ ಹಾಕಿ ಮತ್ತೆ ಮತ್ತೆ ರನ್ ಒತ್ತುವುದು. ಆಕೆ ಕೀಬೋರ್ಡಿನಿಂದ ಕೈ ತೆಗೆದರು. ಒಂದು ನಿಮಿಷ ಮಾತಾಡದೆ ನೋಟ್‌ಬುಕ್ಕಿನಲ್ಲಿ ಬರೆದು ನೋಡುತ್ತೇನೆ ಅಂತ ಇಂಗ್ಲಿಷಿನಲ್ಲಿ ಹೇಳಿ, ಆ ನೋಟ್‌ಬುಕ್ಕನ್ನು ಎತ್ತಿ ಕ್ಯಾಮೆರಾಗೆ ತೋರಿಸಿದರು. ಗೆರೆ ಹಾಕಿದ ಮಾಮೂಲಿ ಇನ್ನೂರು ಪೇಜಿನ ಪುಸ್ತಕ.

ತೋರಿಸಿದ್ದು ಯಾಕೆ ಅಂತ ಈಗ ಇಂಟರ್‌ವ್ಯೂ ಕೊಡುತ್ತಿರುವವರಿಗೆ ಹೇಳಬೇಕಾಗಿಲ್ಲ. ಚಾಟ್‌ಜಿಪಿಟಿ ಬಂದಮೇಲೆ ಕಣ್ಣು ಪಕ್ಕಕ್ಕೆ ಸರಿದರೆ ಅನುಮಾನ. ಒಂದು ಕ್ಷಣ ಸುಮ್ಮನಾದರೆ ಅನುಮಾನ. ಕ್ಯಾಮೆರಾ ತಿರುಗಿಸಿ ರೂಮು ತೋರಿಸಿ ಅನ್ನುವವರಿದ್ದಾರೆ. ಯೋಚನೆ ಮಾಡುವಾಗ ಮನುಷ್ಯ ಎಲ್ಲೋ ನೋಡುತ್ತಾನೆ, ಗೋಡೆ, ಕಿಟಕಿ, ಫ್ಯಾನು. ಈಗ ಅದಕ್ಕೂ ಭಯ. ಆಕೆ ಆ ಅನುಮಾನಕ್ಕೆ ಜಾಗವೇ ಬಿಡಲಿಲ್ಲ. ಕೇಳುವ ಮೊದಲೇ ತೋರಿಸಿ, ಮುಖದಲ್ಲಿ ಒಂದು ಚೂರೂ ಬೇಜಾರಿಲ್ಲದೆ ಕೆಲಸಕ್ಕೆ ಕೂತರು.

ಸ್ವಲ್ಪ ಹೊತ್ತಿಗೆ ತಲೆ ಎತ್ತಿ ಇಂಗ್ಲಿಷಿನಲ್ಲಿ ಶುರು ಮಾಡಿದರು. ಎರಡು ವಾಕ್ಯಕ್ಕೆ ತಡವರಿಸಿದರು. ಆಮೇಲೆ ನನ್ನ ಹೆಸರು ನೋಡಿಯೋ ಏನೋ, "ಸರ್, ಇದೊಂದು ಕನ್ನಡದಾಗ ಹೇಳ್ಲೇನ್ರಿ?" ಅಂದರು. ಹೇಳಿ ಅಂದೆ. "ಎರಡ ಎಲಿಮೆಂಟ್ ತಗೊಳ್ರಿ, ನಾಲ್ಕು ಮತ್ತ ಒಂಬತ್ತು. ಒಂಬತ್ತು ಹುಡುಕಬೇಕು. ಲೋ ಸೊನ್ನಿ, ಹೈ ಒಂದು. ಕೂಡಿಸಿ ಅರ್ಧ ಮಾಡಿದ್ರ ಮಿಡ್ ಸೊನ್ನಿನ ಬರ್ತದ. ನಾಲ್ಕು ಸಣ್ಣದ, ಅದಕ್ಕ ನಾ ಲೋ ಅನ್ನ ಮಿಡ್‌ಗೆ ತಂದೀನಿ. ಅಂದ್ರ ಮತ್ತ ಸೊನ್ನಿ. ಅಲ್ಲೇ ಕುಂತ್‌ಬಿಡ್ತೈತ್ರಿ, ಮುಂದ ಹೋಗಂಗಿಲ್ಲ. ಮಿಡ್ ಪ್ಲಸ್ ಒಂದ್ ಮಾಡಬೇಕು." ಒಂದು ಕಡೆ ತಿದ್ದಿದರು. ಒಂದೇ ಸಲ ರನ್ ಮಾಡಿದರು. ಎಲ್ಲ ಹಸಿರು.

ಶ್ಯಾಡೋ ಮಾಡುತ್ತಿದ್ದವರಿಗೆ ನಾನು ಎರಡು ವಾಕ್ಯದಲ್ಲಿ ಇಂಗ್ಲಿಷಿನಲ್ಲಿ ಹೇಳಿದೆ. ಅಷ್ಟರಲ್ಲಿ ಅವರೂ ಕೋಡ್ ನೋಡಿ ತಲೆಯಾಡಿಸುತ್ತಿದ್ದರು. ಡೀಬ್ರೀಫ್‌ನಲ್ಲಿ ಕಮ್ಯುನಿಕೇಶನ್ ಬಗ್ಗೆ ಒಂದು ಪ್ರಶ್ನೆ ಎದ್ದಿತು, ಅಮೆರಿಕದ ಟೀಮಿನ ಜೊತೆ ಮಾತಾಡಬೇಕಲ್ಲ ಅಂತ. ನ್ಯಾಯವಾದ ಪ್ರಶ್ನೆಯೇ. ಆದರೆ ಕೋಡ್ ಯಾಕೆ ಸಿಕ್ಕಿಹಾಕಿಕೊಂಡಿತು ಅಂತ ಅಷ್ಟು ಸ್ಪಷ್ಟವಾಗಿ ವಿವರಿಸಿದ ಇನ್ನೊಬ್ಬರನ್ನು ಆ ವಾರ ನಾವು ನೋಡಿರಲಿಲ್ಲ. ಆಕೆಯನ್ನು ತೆಗೆದುಕೊಂಡೆವು. ಎಲ್ಲ ಕಡೆ ಹೀಗೆ ಕನ್ನಡಕ್ಕೆ ಹೊರಳಲು ಆಗುವುದಿಲ್ಲ, ಎದುರಿಗೆ ಕನ್ನಡ ಬಲ್ಲವರೇ ಇರಬೇಕು. ಆದರೂ ಗಮನಿಸಿ, ಆಕೆ ಅನುಮತಿ ಕೇಳಿದರು. ಸಾರಿ ಅನ್ನಲಿಲ್ಲ. "ಸಾರಿ ಸರ್, ನನ್ನ ಇಂಗ್ಲಿಷ್ ವೀಕ್ ಸರ್" ಅಂತ ಶುರು ಮಾಡುವವರನ್ನು ಎಷ್ಟೋ ನೋಡಿದ್ದೇನೆ. ಆ ಒಂದು ಮಾತಿನಿಂದ ಮುಂದಿನ ಮುಕ್ಕಾಲು ಗಂಟೆ ಇಬ್ಬರೂ ಇಂಗ್ಲಿಷನ್ನೇ ಗಮನಿಸುತ್ತಾ ಕೂರುತ್ತೇವೆ.

"ಗೊತ್ತಿಲ್ಲ" ಅನ್ನುವುದರಲ್ಲಿ ವಿಧಗಳಿವೆ

ಬರೀ "ಗೊತ್ತಿಲ್ಲ" ಅಂದರೆ ಬಾಗಿಲು ಹಾಕಿದ ಹಾಗೆ ಕೇಳುತ್ತದೆ. ಗೊತ್ತಿಲ್ಲದಿದ್ದರೂ ಸುತ್ತಿ ಬಳಸಿ ಮಾತಾಡಿದರೆ ಮೂರನೇ ವಾಕ್ಯಕ್ಕೆ ಸಿಕ್ಕಿಬೀಳುತ್ತೇವೆ. ಪ್ಯಾನೆಲ್‌ನಲ್ಲಿ ಕೂತು ಕಲಿತದ್ದೆಂದರೆ, ಗೊತ್ತಿರುವುದು ಎಲ್ಲಿ ಮುಗಿಯುತ್ತದೆ ಅಂತ ಗೆರೆ ಎಳೆದು ತೋರಿಸುವವರ ಮೇಲೆ ನಂಬಿಕೆ ಬರುತ್ತದೆ. "ರೆಡಿಸ್ ಕ್ಯಾಶ್ ಆಗಿ ಬಳಸಿದೀನಿ. ಅದರ ಕ್ಲಸ್ಟರ್ ಸೆಟಪ್ ಮಾಡಿಲ್ಲ. ಒಂದು ನೋಡ್ ಬಿದ್ದರೆ ಏನಾಗಬಹುದು ಅಂತ ನನ್ನ ಊಹೆ ಹೇಳಲಾ?" (ರೆಡಿಸ್ ಅಂದರೆ ಡೇಟಾವನ್ನು ಬೇಗ ಸಿಗುವಂತೆ ಮೆಮೊರಿಯಲ್ಲಿಡುವ ಸಾಫ್ಟ್‌ವೇರ್. ಹಲವು ಯಂತ್ರ ಸೇರಿದರೆ ಕ್ಲಸ್ಟರ್, ಅದರ ಒಂದೊಂದು ಯಂತ್ರ ನೋಡ್.) ಇದರಲ್ಲಿ ಮೂರು ಸಂಗತಿ ಇದೆ, ಮೂರೂ ನಿಜ. ಎದುರಿನವರಿಗೆ ಮುಂದಿನ ಪ್ರಶ್ನೆ ಕೇಳಲು ದಾರಿಯೂ ಸಿಕ್ಕಿತು.

ಕೆಲಸ ಹೋಗಿ ಬಂದವರಿಗೆ ಇದಕ್ಕಿಂತ ಕಷ್ಟದ ಪ್ರಶ್ನೆ ಒಂದಿದೆ. "ಯಾಕೆ ಬಿಟ್ರಿ?" 2022ರ ನವೆಂಬರ್‌ನಲ್ಲಿ ಮೆಟಾ 11,000 ಜನರನ್ನು, 2023ರ ಜನವರಿಯಲ್ಲಿ ಗೂಗಲ್ 12,000 ಜನರನ್ನು ತೆಗೆದಮೇಲೆ ಲೇಆಫ್ ಅನ್ನುವುದು ಯಾರಿಗೂ ಗುಟ್ಟಲ್ಲ. ಆದರೂ ಆ ಪ್ರಶ್ನೆ ಬಂದ ಕೂಡಲೇ ಜನ ಐದು ನಿಮಿಷ ವಿವರಿಸುತ್ತಾರೆ. ಮ್ಯಾನೇಜರ್ ಬದಲಾದದ್ದು, ಪ್ರಾಜೆಕ್ಟ್ ನಿಂತದ್ದು, ರೇಟಿಂಗ್ ಕೊಟ್ಟದ್ದು. ದನಿ ಗದ್ಗದವಾಗುತ್ತದೆ. "ಪ್ರಾಡಕ್ಟ್ ಮುಚ್ಚಿದರು, ನಮ್ಮ ಟೀಮ್ ಪೂರ್ತಿ ಹೋಯಿತು" ಅಂತ ಒಂದು ಸಾಲು ಹೇಳಿ ನಿಲ್ಲಿಸಿದರೆ ಕೇಳಿದವರೂ ಮುಂದೆ ಹೋಗುತ್ತಾರೆ. ಆ ಸಾಲನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಿ ಹೇಳಿ ಸವೆಸಿಕೊಳ್ಳಬೇಕು. ದನಿಯಲ್ಲಿ ನೋವು ಉಳಿಯದಷ್ಟು.

ಎಚ್‌ಆರ್ ರೌಂಡಿನಲ್ಲಿ ಹೆಣ್ಣುಮಕ್ಕಳಿಗೆ ಈಗಲೂ ಮದುವೆ, ಮಕ್ಕಳ ಪ್ಲಾನು ಕೇಳುತ್ತಾರೆ. ನನ್ನ ಹಳೇ ಸಹೋದ್ಯೋಗಿಯೊಬ್ಬರು ಹೇಳುತ್ತಿದ್ದ ಉತ್ತರ ನನಗೆ ಬಹಳ ಇಷ್ಟ. "ಈ ರೋಲ್‌ಗೆ ನೈಟ್ ಶಿಫ್ಟ್, ಟ್ರಾವೆಲ್ ಏನಾದರೂ ಇದೆಯಾ? ಇದ್ದರೆ ಹೇಳಿ, ನನಗೆ ಆಗತ್ತಾ ಇಲ್ವಾ ಈಗಲೇ ಹೇಳ್ತೀನಿ." ಕೇಳಿದವರ ಪ್ರಶ್ನೆಯ ಹಿಂದಿನ ಪ್ರಶ್ನೆಗೆ ನೇರ ಉತ್ತರ, ಅದೂ ನಗುತ್ತಾ. ಸಂಬಳದ ವಿಷಯಕ್ಕೂ ಅವರದ್ದು ಅದೇ ನಯ. ಎಕ್ಸ್‌ಪೆಕ್ಟೆಡ್ ಸಿಟಿಸಿ (ವರ್ಷದ ಒಟ್ಟು ಸಂಬಳ) ಎಷ್ಟು ಅಂದರೆ "ನಿಮ್ಮ ಬಜೆಟ್ ಯಾವ ರೇಂಜಲ್ಲಿದೆ ಹೇಳಿದರೆ ಇಬ್ಬರಿಗೂ ಟೈಮ್ ಉಳಿಯತ್ತೆ" ಅನ್ನುತ್ತಿದ್ದರು. ಹೇಳದಿದ್ದರೆ ತಮ್ಮ ಸಂಖ್ಯೆ ಹೇಳಿ ಬಾಯಿ ಮುಚ್ಚುತ್ತಿದ್ದರು. ಸಂಖ್ಯೆ ಹೇಳಿದ ಮೇಲೆ ಬರುವ ಮೌನವನ್ನು ತುಂಬಲು ಹೋಗಿಯೇ ನಾವೆಲ್ಲ ಒಂದೆರಡು ಲಕ್ಷ ಕಳೆದುಕೊಳ್ಳುವುದು, ಅಲ್ವಾ?

ಉಸಿರು ಎಳೆದುಕೊಳ್ಳಿ, ಶಾಂತವಾಗಿರಿ ಅನ್ನುವ ಸಲಹೆಯಲ್ಲಿ ನನಗೆ ಅಷ್ಟೇನೂ ನಂಬಿಕೆ ಇಲ್ಲ. 2014ರಲ್ಲಿ ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ ಪ್ರಕಟಿಸಿದ ಪ್ರಯೋಗಗಳು ಈ ಅನುಮಾನಕ್ಕೆ ಬೆಂಬಲ ಕೊಡುತ್ತವೆ. ಹಾಡುವ, ಭಾಷಣ ಮಾಡುವ, ಲೆಕ್ಕ ಬಿಡಿಸುವ ಮುಂಚೆ "ನಾನು ಶಾಂತವಾಗಿದ್ದೇನೆ" ಅಂದುಕೊಳ್ಳುವುದಕ್ಕಿಂತ "ನನಗೆ ಉತ್ಸಾಹ ಉಕ್ಕುತ್ತಿದೆ" ಅಂದುಕೊಳ್ಳುವುದು ಚೆನ್ನಾಗಿ ಕೆಲಸ ಮಾಡಿತು. ಹೊಡೆದುಕೊಳ್ಳುವ ಎದೆಯನ್ನು ನಿಲ್ಲಿಸುವುದು ಕಷ್ಟ, ಅದಕ್ಕೆ ಬೇರೆ ಹೆಸರು ಕೊಡುವುದು ಸುಲಭ. ನನ್ನ ಮಟ್ಟಿಗೆ ಇನ್ನೂ ಸಣ್ಣ ಸಂಗತಿಗಳೇ ಹೆಚ್ಚು ಉಪಕಾರ ಮಾಡಿವೆ. ಗೆಳೆಯರ ಹತ್ತಿರ ಒಂದು ಗಂಟೆ ಮಾಕ್ ಇಂಟರ್‌ವ್ಯೂ ಮಾಡಿಸಿಕೊಳ್ಳುವುದು, ಅದೂ ನಗದೆ, ತಲೆಯಾಡಿಸದೆ ಕೂತಿರು ಅಂತ ಮೊದಲೇ ಹೇಳಿ. ಪಕ್ಕದಲ್ಲಿ ಕಾಗದ ಮತ್ತು ಪೆನ್ನು. ಒಂದು ಲೋಟ ನೀರು. ಗುಟುಕು ನೀರು ಕುಡಿಯುವಷ್ಟು ಹೊತ್ತು ಯಾರೂ ಮಾತಾಡು ಅನ್ನುವುದಿಲ್ಲ.

ಮುಗಿದ ಮೇಲೆ

ಇಂಟರ್‌ವ್ಯೂ ಮುಗಿದ ಮೇಲಿನ ಎರಡು ವಾರದ ಬಗ್ಗೆ ಯಾರೂ ಮಾತಾಡುವುದಿಲ್ಲ. ತಾಳ್ಮೆ ನಿಜವಾಗಿ ಕೈಕೊಡುವುದು ಅಲ್ಲೇ. "ಫೀಡ್‌ಬ್ಯಾಕ್ ಪಾಸಿಟಿವ್ ಇದೆ, ಸೋಮವಾರ ತಿಳಿಸ್ತೀವಿ" ಅಂದವರು ಆಮೇಲೆ ಫೋನ್ ಎತ್ತುವುದಿಲ್ಲ. ಲಿಂಕ್ಡ್‌ಇನ್‌ನಲ್ಲಿ ಮೆಸೇಜ್ ಓದಿದ ಗುರುತು ಕಾಣುತ್ತದೆ, ಉತ್ತರ ಬರುವುದಿಲ್ಲ. ಆ ಹೊತ್ತಿಗೆ ರಾತ್ರಿ ಕೂತು ಉದ್ದನೆಯ ಪೋಸ್ಟ್ ಬರೆದು ಕಂಪನಿಯನ್ನು ಟ್ಯಾಗ್ ಮಾಡಬೇಕು ಅನಿಸುವುದು ಸಹಜ. ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಹೈರ್ ಮಾಡುವವರು ಅದನ್ನು ಓದುತ್ತಾರೆ ಅನ್ನುವುದು ಮಾತ್ರ ಗೊತ್ತಿರಲಿ.

ಆದರೆ ಪ್ರೊಫೆಶನಲ್ ಆಗಿರಿ ಅನ್ನುವ ಉಪದೇಶ ಒಂದೇ ಕಡೆಗೆ ಹರಿಯುವುದು ನನಗೆ ಸರಿ ಕಾಣುವುದಿಲ್ಲ. ನೋಟಿಸ್ ಪೀರಿಯಡ್ 90 ದಿನ ಇಟ್ಟು, ಆ ಮೂರು ತಿಂಗಳಲ್ಲಿ ಕ್ಯಾಂಡಿಡೇಟ್ ಇನ್ನೆರಡು ಆಫರ್ ಹಿಡಿದು ಕೊನೇ ದಿನ ಜಾಯಿನ್ ಆಗದೆ ಹೋದರೆ ರಿಕ್ರೂಟರ್‌ಗಳು ಬೆಂಗಳೂರಿನವರಿಗೆ ನೀತಿಯೇ ಇಲ್ಲ ಅನ್ನುತ್ತಾರೆ. ನಾಲ್ಕು ರೌಂಡ್ ಮಾಡಿಸಿ ಒಂದು ಸಾಲಿನ ಉತ್ತರ ಕೊಡದ ಕಂಪನಿಗೆ ಆ ಮಾತನ್ನು ಯಾರು ಹೇಳುತ್ತಾರೆ? ನಮ್ಮ ಟೀಮಿನಲ್ಲಿ ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಟೆಕ್ನಿಕಲ್ ರೌಂಡ್ ಮುಟ್ಟಿದ ಯಾರಿಗೇ ಆಗಲಿ, ಬೇಡ ಅಂತ ತೀರ್ಮಾನವಾದರೆ ಎರಡು ದಿನದೊಳಗೆ ಮೇಲ್ ಹೋಗಬೇಕು, ಅದರಲ್ಲಿ ತಾಂತ್ರಿಕವಾದ ಒಂದು ಕಾರಣ ಇರಲೇಬೇಕು. ಬರೆಯುವುದು ಎಚ್‌ಆರ್ ಅಲ್ಲ, ರೌಂಡ್ ಮಾಡಿದವರು. ಮೊದಮೊದಲು ಎಲ್ಲರೂ ಗೊಣಗಿದರು, ಲೀಗಲ್‌ನವರನ್ನು ಒಪ್ಪಿಸಲು ನಮ್ಮ ಮ್ಯಾನೇಜರ್ ಸುಸ್ತಾದರು. ಒಂದು ಅನುಕೂಲ ಆಗಿದೆ. ಕಾರಣ ಬರೆಯಲು ಕೂತಾಗ "ನರ್ವಸ್ ಆಗಿದ್ರು" ಅಂತ ಬರೆಯಲು ಯಾರಿಗೂ ಬೆರಳು ಏಳುವುದಿಲ್ಲ. ಬೇರೆ ಕಾರಣ ಸಿಗದೆ ಇಬ್ಬರನ್ನು ಮತ್ತೆ ಕರೆಸಿ ಮಾತಾಡಿಸಿದ್ದೂ ಇದೆ. ಅವರಲ್ಲಿ ಒಬ್ಬರು ಸೇರಿದರು, ಇನ್ನೊಬ್ಬರಿಗೆ ಅಷ್ಟರಲ್ಲಿ ವೈಟ್‌ಫೀಲ್ಡ್‌ನಲ್ಲಿ ಬೇರೆ ಕಡೆ ಆಗಿತ್ತು.